ತಾರಸಿ ತೊಳೆಯುವ ಮುನ್ನ ಒಂದು ಮಾತು

ಚೆನ್ನೈ: ಹಿಂಗಾರು ಮಳೆ ಮುಗಿಯುತ್ತಿದ್ದಂತೆ ಇಲ್ಲಿನ ತಾರಸಿ, ಕಾಂಪೌಂಡ್ ಗೋಡೆಗಳ ಮೇಲೆ ಪಾಚಿ ಕಪ್ಪಗೆ ಕಟ್ಟಿರುತ್ತದೆ. ಸಂಕ್ರಾಂತಿಗೆ ಮುಂಚೆ, ಭೋಗಿಯ ಹೊತ್ತಿಗೆ ಎಲ್ಲವನ್ನೂ ತೊಳೆಯುವ ಪದ್ಧತಿ ನಮ್ಮ ಕನ್ನಡದ ಮನೆಗಳಿಗೂ ಬಂದಿದೆ. ಬಕೆಟ್ಟು, ಪೊರಕೆಯ ಜಾಗದಲ್ಲಿ ಈಗ ಪ್ರೆಷರ್ ವಾಷರ್ ಯಂತ್ರ. ಅದರ ಹಿಂದೆಯೇ ಆಸಿಡ್ ಕ್ಯಾನು, ಬ್ಲೀಚಿಂಗ್ ಪೌಡರು.

ನಮ್ಮ ಫ್ಲಾಟಿನ ಲೆಕ್ಕಪತ್ರ ನೋಡುವವನು ನಾನು. ಹಿಂದೊಮ್ಮೆ ಇವೆರಡಕ್ಕೂ ದುಡ್ಡು ಕೊಟ್ಟವನೂ ನಾನೇ. ತೊಳೆಯಲು ಬಂದ ಹುಡುಗ ಮೊದಲು ಪೌಡರ್ ಚೆಲ್ಲಿದ. ಪಾಚಿ ಬಿಡಲಿಲ್ಲವೆಂದು ಅದರ ಮೇಲೆಯೇ ಆಸಿಡ್ ಸುರಿದ. ಎರಡೂ ಸೇರಿದರೆ ಏಳುವುದು ಕ್ಲೋರಿನ್ ಅನಿಲ. ಅದು ಗಾಳಿಗಿಂತ ಭಾರ, ನೆಲಮಟ್ಟದಲ್ಲೇ ಹರಡುತ್ತದೆ. ಬಗ್ಗಿ ಉಜ್ಜುತ್ತಿದ್ದ ಹುಡುಗ ಕೆಮ್ಮುತ್ತಾ ಮೆಟ್ಟಿಲ ಮೇಲೆ ಕುಸಿದ. ಆಸ್ಪತ್ರೆಯಿಂದ ಅವನು ನಡೆದು ಬಂದದ್ದು ನಮ್ಮ ಪುಣ್ಯ. ಬ್ಲೀಚಿನೊಂದಿಗೆ ಆಸಿಡ್ ಆಗಲಿ, ಅಮೋನಿಯಾ ಇರುವ ದ್ರವವಾಗಲಿ ಎಂದೂ ಬೆರೆಸಬಾರದು.

ನಿಜಕ್ಕೂ ಅಷ್ಟು ಕಟುವಾದ ಔಷಧಿ ಬೇಕಾಗಿಯೇ ಇಲ್ಲ. ಕಾರಿನ ಟೈರಿನಲ್ಲಿರುವ ಒತ್ತಡ ಸುಮಾರು 2 ಬಾರ್. ಮನೆಬಳಕೆಯ ಯಂತ್ರದ್ದು 100 ಬಾರ್ ಆಸುಪಾಸು. ಹಳೆಯ ಮದ್ರಾಸ್ ತಾರಸಿಗಳಲ್ಲಿ ಸುಣ್ಣ, ಇಟ್ಟಿಗೆ ಚೂರಿನ ಗಾರೆಯ ಮೇಲೆ ಚಪ್ಪಟೆ ಹೆಂಚು ಹಾಸಿರುತ್ತದೆ. ಆಸಿಡ್ ಸುಣ್ಣವನ್ನು ತಿನ್ನುತ್ತದೆ, ತೀರಾ ಹತ್ತಿರ ಹಿಡಿದ ಧಾರೆ ಸಂದಿನ ಗಾರೆಯನ್ನು ಕೀಳುತ್ತದೆ. ಮುಂದಿನ ಮಳೆಗೆ ಮೇಲಂತಸ್ತಿನ ಮನೆ ಸೋರುತ್ತದೆ. ಕಡಪಾ ಕಲ್ಲೂ ಸುಣ್ಣದ ಜಾತಿಯದೇ. ಆಸಿಡ್ ಬಿದ್ದರೆ ಹೊಳಪು ಹೋಯಿತು.

ಪಾಚಿಗೆ ಸುಲಭ ದಾರಿ ಇದೆ. ಅಂಗಡಿಯಲ್ಲಿ ಸಿಗುವ ದ್ರವ ಬ್ಲೀಚ್ ಒಂದು ಪಾಲಿಗೆ ಒಂಬತ್ತು ಪಾಲು ನೀರು ಸೇರಿಸಿ. ಮೊದಲು ಒಂದು ಮೂಲೆಯಲ್ಲಿ ಹಚ್ಚಿ ನೋಡಿ. ತುಳಸಿ ಮತ್ತಿತರ ಕುಂಡಗಳನ್ನು ಸರಿಸಿ. ಬಿಸಿಲೇರುವ ಮುನ್ನ ಸಿಂಪಡಿಸಿ, ಹತ್ತು ನಿಮಿಷ ಬಿಟ್ಟು, ಒಣಗುವ ಮೊದಲೇ ಅಗಲ ಧಾರೆಯಲ್ಲಿ ತೊಳೆಯಿರಿ. ಬ್ಲೀಚನ್ನು ಯಂತ್ರದೊಳಗೆ ಹಾಕಬೇಡಿ. ಪಂಪಿನ ರಬ್ಬರು ಹಾಳಾಗುತ್ತದೆ. ಯಂತ್ರದ ಸೋಪಿನ ಡಬ್ಬಿ ಇರುವುದು ಸೌಮ್ಯವಾದ ಸೋಪಿನ ದ್ರವಕ್ಕೆ ಮಾತ್ರ.

ತೊಳೆದ ನೀರು ಎಲ್ಲಿಗೆ ಹೋಗುತ್ತದೆ ಎಂಬುದನ್ನೂ ನೋಡಬೇಕು. ತಮಿಳುನಾಡಿನಲ್ಲಿ 2003ರಿಂದ ಎಲ್ಲ ಕಟ್ಟಡಗಳಿಗೂ ಮಳೆನೀರು ಕೊಯ್ಲು ಕಡ್ಡಾಯ. ಅದರ ಕೊಳವೆ ತಾರಸಿಯಿಂದ ನೇರವಾಗಿ ಬಾವಿಗೋ ಇಂಗುಗುಂಡಿಗೋ ಇಳಿಯುತ್ತದೆ. 2019ರ ಬೇಸಗೆಯಲ್ಲಿ ಟ್ಯಾಂಕರಿನ ಮುಂದೆ ಕೊಡ ಹಿಡಿದು ನಿಂತವರಿಗೆ ಆ ಬಾವಿಯ ಬೆಲೆ ಹೇಳಬೇಕಿಲ್ಲ. ಆದ್ದರಿಂದ ಕೊಳವೆಯ ಬಾಯಿ ಮುಚ್ಚಿ, ಬ್ಲೀಚಿನ ನೀರನ್ನು ಒಳಚರಂಡಿಗೆ ಬಿಟ್ಟು, ಕೆಲಸ ಮುಗಿದ ಮೇಲೆ ಮರೆಯದೆ ತೆರೆಯಿರಿ.

ಈಗ ನಮ್ಮ ಲೆಕ್ಕದ ಪುಸ್ತಕದಲ್ಲಿ ಆಸಿಡ್ ಖರ್ಚಿನ ಸಾಲು ಇಲ್ಲ. ಆ ಜಾಗದಲ್ಲಿ ಗಮ್‌ಬೂಟು, ಕೈಗವಸು, ಕಣ್ಣಿಗೆ ಕನ್ನಡಕ ಎಂದು ಬರೆದಿದ್ದೇನೆ. ನಿಮ್ಮ ಫ್ಲಾಟಿನ ಸಭೆಯಲ್ಲೂ ಈ ಮಾತು ಒಮ್ಮೆ ಬರಲಿ.