ಲಂಬ ಪರದೆಯ ಕಿರುಧಾರಾವಾಹಿ: ಸಂಭಾಷಣಾ ರಚನೆಯ ಕೆಲವು ನೆಲೆಗಳು

ಮೊಬೈಲನ್ನು ನೆಟ್ಟಗೆ ಹಿಡಿದು ನೋಡುವುದಕ್ಕೆಂದೇ ಬರೆಯಲಾಗುವ ಕಿರುಧಾರಾವಾಹಿಯು ಚೀನಾದಲ್ಲಿ ಖಚಿತ ರೂಪ ಪಡೆದ ಪ್ರಕಾರ. ಅಲ್ಲಿ ‘ದ್ವಾನ್‌ಜು’ ಎನಿಸಿಕೊಳ್ಳುವ ಇದರ ಕಥಾವಸ್ತು ಬಹುಮಟ್ಟಿಗೆ ಅಂತರ್ಜಾಲ ಕಾದಂಬರಿಗಳಿಂದ ಬಂದುದು. ಒಂದೆರಡು ನಿಮಿಷಗಳ 60ರಿಂದ 100 ಕಂತುಗಳು, ಮೊದಲ ಹತ್ತರಷ್ಟು ಉಚಿತ, ಅನಂತರದವಕ್ಕೆ ಹಣ: ಇದು ರೂಢಿಯ ವಿನ್ಯಾಸ. ಅಮೆರಿಕದಲ್ಲಿ 2020ರ ಏಪ್ರಿಲ್‌ನಲ್ಲಿ ಆರಂಭವಾದ ‘ಕ್ವಿಬಿ’ ಹತ್ತು ನಿಮಿಷದೊಳಗಿನ ಕಂತುಗಳನ್ನು ಅಡ್ಡ, ಲಂಬ ಎರಡೂ ನೋಟಗಳಿಗೆ ಹೊಂದಿಸಿತ್ತು. ಅದೇ ಡಿಸೆಂಬರಿನಲ್ಲಿ ಮುಚ್ಚಿತು. ದ್ವಾನ್‌ಜು ಲಂಬ ಚೌಕಟ್ಟನ್ನೇ ಕಥನದ ನಿಯಮವನ್ನಾಗಿಸಿಕೊಂಡಿತು.

9:16 ಅನುಪಾತದ ಈ ಚೌಕಟ್ಟನ್ನು ಒಂದೇ ಮುಖ ತುಂಬಿಬಿಡುತ್ತದೆ; ಇಬ್ಬರು ಅಕ್ಕಪಕ್ಕ ನಿಂತರೆ ಇಕ್ಕಟ್ಟು. ಹೀಗಾಗಿ ಸಂಬಂಧಗಳು ಮೇಲು-ಕೆಳಗಿನ ನೆಲೆಯಲ್ಲಿ ಮೂಡುತ್ತವೆ: ಮೆಟ್ಟಿಲ ಮೇಲೆ ಅತ್ತೆ, ಕೆಳಗೆ ಮಂಡಿಯೂರಿದ ಸೊಸೆ. ಕನ್ನಡದ ದೈನಿಕ ಧಾರಾವಾಹಿಗಳಲ್ಲಿ ಇಡೀ ಮನೆಮಂದಿ ನಡುಮನೆಯಲ್ಲಿ ಸಾಲಾಗಿ ನಿಲ್ಲುವ ದೃಶ್ಯಕ್ಕೆ ಇಲ್ಲಿ ಎಡೆಯಿಲ್ಲ. (ಅದೊಂದು ನಷ್ಟವೆಂದು ಹೇಳುವುದು ಕಷ್ಟ.)

ಪೂರ್ವಕಥೆಗೂ ಅವಕಾಶವಿಲ್ಲದಿರುವುದರಿಂದ ಯಾರು ಯಾರಿಗೆ ಏನಾಗಬೇಕೆಂಬುದನ್ನು ಮಾತೇ ತಿಳಿಸಬೇಕು. ಈ ದೃಷ್ಟಿಯಿಂದ ಕನ್ನಡದ ವ್ಯಾಕರಣವೇ ಬರೆಹಗಾರರಿಗೆ ಒದಗಿಬರುವ ಸಾಧನ. ‘ಕೂತ್ಕೊಳ್ಳಿ’ ಎನ್ನುತ್ತಿದ್ದ ಅಳಿಯ ಮಾವನಿಗೆ ‘ಕೂತ್ಕೊ’ ಎಂದೊಡನೆ, ಆಸ್ತಿಪತ್ರಕ್ಕೆ ಸಹಿ ಬಿದ್ದಾಗಿದೆಯೆಂಬುದು ಬೇರೆ ವಿವರಣೆಯಿಲ್ಲದೆ ವೇದ್ಯವಾಗುತ್ತದೆ. ‘ಬಂದರು’ ಎಂಬುದು ‘ಬಂದಳು’ ಎಂದಾಗುವಲ್ಲಿ ಗೌರವ ಹೋದುದಷ್ಟೇ ಅಲ್ಲದೆ, ಪರದೆಯಾಚೆಗಿರುವುದು ಹೆಣ್ಣೆಂಬುದೂ ಸ್ಪಷ್ಟ. ಧಾರವಾಡ ಕಡೆಯ ‘ಬರ್ರಿ’, ‘ಬಾ’ಗಳ ಅಂತರವೂ ಇಷ್ಟೇ ಹರಿತವಾದುದು. ಇಂಗ್ಲಿಷಿನ ಮೂಲಕ ಬರುವ ಚೀನೀ ಕಥೆಯ ಅನುವಾದದಲ್ಲಿ ಈ ಭೇದ ಮೊದಲೇ ಅಳಿಸಿಹೋಗಿರುತ್ತದೆ. ಯಾವ ಕಂತಿನಲ್ಲಿ ಏಕವಚನಕ್ಕೆ ಇಳಿಯಬೇಕೆಂಬ ನಿರ್ಧಾರವನ್ನು ಅನುವಾದಕರೇ ಹೊಸದಾಗಿ ಕೈಗೊಳ್ಳಬೇಕಾಗುತ್ತದೆ. ಅದು ಅನುವಾದಕ್ಕಿಂತ ನಾಟಕರಚನೆಗೆ ಹತ್ತಿರವಾದ ಕೆಲಸ.

ಆದರೆ ಈ ಸೂಕ್ಷ್ಮಗಳೆಲ್ಲ ಹಣ ತೆರುವ ಗಡಿಗೆ ಅಧೀನ. ವಾರಪತ್ರಿಕೆಯ ಧಾರಾವಾಹಿಯಲ್ಲೂ ‘ಮುಂದುವರಿಯುವುದು’ ಎಂಬುದಿತ್ತು. ಆದರೆ ಅಲ್ಲಿ ಓದುಗರಿಗೆ ಒಂದು ವಾರದ ವಿರಾಮವಿತ್ತು, ಪತ್ರಿಕೆಯಲ್ಲಿ ಓದಲು ಬೇರೆ ಪುಟಗಳೂ ಇದ್ದವು. ಇಲ್ಲಿ ಮುಂದಿನ ಕಂತು ಬೆರಳ ತುದಿಯಲ್ಲಿದೆ; ಹತ್ತನೆಯ ಕಂತಿನ ಆಸುಪಾಸಿನಲ್ಲಿ ಅತಿ ದೊಡ್ಡ ಆಘಾತವನ್ನು ಇಡಲೇಬೇಕಾಗುತ್ತದೆ. ಪಾತ್ರದ ಸ್ವಭಾವ ಅಷ್ಟರೊಳಗೆ ಮಾಗಿರಲಿ ಇಲ್ಲದಿರಲಿ, ಕಪಾಳಮೋಕ್ಷ ಅಲ್ಲಿಯೇ ಆಗಬೇಕು. ಇದರಿಂದ ಮೊದಲು ಬಲಿಯಾಗುವುದು ಮೌನ: ಉತ್ತರ ಕೊಡದೆ ಸುಮ್ಮನಿರುವ ಸೊಸೆಯನ್ನು ಐದು ಸೆಕೆಂಡು ತೋರಿಸಿದರೆ ನೋಡುಗರ ಬೆರಳು ಪರದೆಯನ್ನು ಸರಿಸಿಬಿಡುವ ಭಯ ಬರೆಹಗಾರರಿಗೆ ಇದ್ದೇ ಇರುತ್ತದೆ.