ಟರ್ಬೋ ಎಣ್ಣೆ ಸೋರಿದಾಗ

ಡೀಸೆಲ್ ಗಾಡಿ ನೀಲಿ ಹೊಗೆ ಬಿಟ್ಟೊಡನೆ "ಟರ್ಬೋ ಹೋಯಿತು, ಹೊಸದು ಹಾಕಿಸಿ" ಎನ್ನುವವರೇ ಹೆಚ್ಚು. ಸಂಬಳದಾರರಿಗೆ ಅದು ಸಣ್ಣ ಖರ್ಚಲ್ಲ. ಆದರೆ ವಾಚಕರೇ, ಎಷ್ಟೋ ವೇಳೆ ದೋಷ ಬೇರೆ ಕಡೆ ಇರುತ್ತದೆ.

ಸ್ವಿಸ್ ಎಂಜಿನಿಯರ್ ಆಲ್ಫ್ರೆಡ್ ಬ್ಯೂಚಿ 1905ರಲ್ಲಿ ಪೇಟೆಂಟ್ ಪಡೆದ ಯಂತ್ರವಿದು. ಕಾರಿನ ಟರ್ಬೋ ನಿಮಿಷಕ್ಕೆ ಲಕ್ಷ ಸುತ್ತಿಗೂ ಮೀರಿ ತಿರುಗುವುದುಂಟು. ಅದಕ್ಕೆ ಒದಗಿದ ಎಣ್ಣೆ ತನ್ನ ಭಾರದಿಂದಲೇ ಕೊಳವೆಯಲ್ಲಿಳಿದು ಎಂಜಿನ್ನಿಗೆ ಮರಳಬೇಕು. ಆ ಕೊಳವೆ ಕಟ್ಟಿದರೆ, ಎಂಜಿನ್ನಿನ ಬ್ರೀದರ್ ಮುಚ್ಚಿದರೆ, ಏರ್ ಫಿಲ್ಟರಿನಲ್ಲಿ ಧೂಳು ತುಂಬಿದರೆ, ಎಣ್ಣೆ ಸೀಲು ದಾಟಿ ಹೊರಬೀಳುತ್ತದೆ. ಇವನ್ನು ಸರಿಪಡಿಸದಿದ್ದರೆ ಹೊಸ ಟರ್ಬೋ ಕೂಡ ಸೋರೀತು.

ಹಾಗೆಂದು ಅಲಕ್ಷ್ಯ ಸಲ್ಲದು. ಕಾದ ಮ್ಯಾನಿಫೋಲ್ಡಿನ ಮೇಲೆ ಬಿದ್ದ ಎಣ್ಣೆಗೆ ಬೆಂಕಿ ಹತ್ತಬಹುದು. ಸಿಲಿಂಡರಿಗೆ ಹೊಕ್ಕರೆ, ಕೀಲಿ ತೆಗೆದರೂ ಡೀಸೆಲ್ ಎಂಜಿನ್ ನಿಲ್ಲದೆ ಓಡಬಹುದು.

ಬಿಚ್ಚುವಾಗಲೂ ಆತುರ ಕೂಡದು. ಮ್ಯಾನಿಫೋಲ್ಡಿನ ಸ್ಟಡ್ಡುಗಳು ಕಾದು, ಆರಿ, ತುಕ್ಕು ಹಿಡಿದು ಕಚ್ಚಿಕೊಂಡಿರುತ್ತವೆ. ಹಿಂದಿನ ರಾತ್ರಿಯೇ ತುಕ್ಕು ಬಿಡಿಸುವ ಎಣ್ಣೆ ಹಾಕಿಟ್ಟು, ಮರುದಿನ ನಟ್ಟನ್ನು ಮೆಲ್ಲನೆ ಹಿಂದೆ ಮುಂದೆ ತಿರುಗಿಸಬೇಕು. ಸ್ಟಡ್ ಮುರಿದರೆ, ಉಳಿದ ತುಂಡಿಗೆ ನಟ್ ವೆಲ್ಡ್ ಮಾಡಿಸಿ ತೆಗೆಯಬಹುದು. ಹೊಸವನ್ನು ಹಾಕಿದ ಮೇಲೆ ನಟ್ಟುಗಳನ್ನು ತಯಾರಕರು ಹೇಳಿದ ಕ್ರಮದಲ್ಲಿ, ಹೇಳಿದಷ್ಟೇ ಬಿಗಿಯತಕ್ಕದ್ದು.

ಹೊಸ ಟರ್ಬೋಗೆ ಒಪ್ಪುವ ಮುನ್ನ ಮೆಕ್ಯಾನಿಕನನ್ನು ಒಂದು ಮಾತು ಕೇಳಿ: "ಎಣ್ಣೆ ಮರಳುವ ಕೊಳವೆ ಬಿಚ್ಚಿ ನೋಡಿದಿರಾ?"