ಫೆಲೂದಾನ ಸೃಷ್ಟಿಕರ್ತ

ಪತ್ತೇದಾರಿ ಕಥೆಗಳನ್ನು ಓದುವುದು ಕಾಲಹರಣ, ಅವುಗಳಿಂದ ಬುದ್ಧಿ ಬೆಳೆಯುವುದಿಲ್ಲ, ಮಕ್ಕಳ ಕೈಗೆ ಅವನ್ನು ಕೊಡಲೇಬಾರದು ಎಂಬ ಅಭಿಪ್ರಾಯ ಹಿರಿಯರಲ್ಲಿ ಬಹುಕಾಲದಿಂದ ಬೇರೂರಿದೆ. ಇದಕ್ಕೆ ಕಾರಣವಿಲ್ಲದಿಲ್ಲ. ಕೊಲೆ, ಕ್ರೌರ್ಯಗಳ ವರ್ಣನೆಯಿಂದಲೇ ಓದುಗರನ್ನು ಸೆಳೆಯುವ ಪುಸ್ತಕಗಳು ಎಲ್ಲ ಭಾಷೆಗಳಲ್ಲಿಯೂ ಇವೆ. ಆದರೆ ರಕ್ತಪಾತವನ್ನು ನೆಚ್ಚದೆ, ಓದುಗರ ಬುದ್ಧಿಯನ್ನೇ ನೆಚ್ಚಿ ರೋಚಕ ಕಥೆಗಳನ್ನು ಬರೆಯಬಹುದು. ಅಂತಹ ಕಥೆಗಳನ್ನು ಮಕ್ಕಳೂ ಅವರ ತಂದೆತಾಯಿಗಳೂ ಸಮಾನವಾದ ಕುತೂಹಲದಿಂದ ಓದಬಹುದು. ಇದನ್ನು ಬಂಗಾಳಿ ಲೇಖಕರೊಬ್ಬರು ಸುಮಾರು ಮೂರು ದಶಕಗಳ ಕಾಲ ತಮ್ಮ ಬರವಣಿಗೆಯಿಂದ ತೋರಿಸಿಕೊಟ್ಟರು. ಅವರೇ ಸತ್ಯಜಿತ್ ರಾಯ್.

ಸತ್ಯಜಿತ್ ರಾಯ್ ಅವರನ್ನು ಜಗತ್ತು ಬಲ್ಲದ್ದು ಚಲನಚಿತ್ರ ನಿರ್ದೇಶಕರಾಗಿ. 1955ರಲ್ಲಿ ತೆರೆಕಂಡ ‘ಪಥೇರ್ ಪಾಂಚಾಲಿ’ ಅವರಿಗೆ ವಿಶ್ವಮಾನ್ಯತೆಯನ್ನು ತಂದುಕೊಟ್ಟಿತು. ಆದರೆ ಬಂಗಾಳದ ಮನೆಮನೆಗಳಲ್ಲಿ ಅವರು ಇನ್ನೊಂದು ಕಾರಣಕ್ಕಾಗಿಯೂ ಪ್ರೀತಿಪಾತ್ರರು. ಅಲ್ಲಿಯ ಬಾಲಕ ಬಾಲಕಿಯರಿಗೆ ಅವರು ಮೊದಲು ಪರಿಚಿತರಾಗುವುದು ಫೆಲೂದಾ ಎಂಬ ಪತ್ತೇದಾರನ ಸೃಷ್ಟಿಕರ್ತರಾಗಿ.

ಸತ್ಯಜಿತ್ ರಾಯ್ 1921ರ ಮೇ 2ರಂದು ಕಲ್ಕತ್ತೆಯಲ್ಲಿ ಜನಿಸಿದರು. ಮಕ್ಕಳ ಸಾಹಿತ್ಯವು ಅವರ ಮನೆತನದ ಆಸ್ತಿಯೇ ಆಗಿತ್ತು. ತಾತ ಉಪೇಂದ್ರಕಿಶೋರ ರಾಯ್ ಚಿತ್ರಕಾರರು, ಮುದ್ರಣ ತಜ್ಞರು, ಮಕ್ಕಳ ಕಥೆಗಾರರು. ಅವರು 1913ರಲ್ಲಿ ‘ಸಂದೇಶ್’ ಎಂಬ ಮಕ್ಕಳ ಮಾಸಪತ್ರಿಕೆಯನ್ನು ಆರಂಭಿಸಿದರು. ಬಂಗಾಳಿಯಲ್ಲಿ ಸಂದೇಶ್ ಎಂದರೆ ಸುದ್ದಿ ಎಂದೂ ಅರ್ಥ, ಪ್ರಸಿದ್ಧವಾದ ಒಂದು ಸಿಹಿತಿಂಡಿ ಎಂದೂ ಅರ್ಥ. ಅರಿವು ಮತ್ತು ಸವಿ ಒಟ್ಟಿಗೆ ದೊರೆಯಬೇಕೆಂಬ ಆಶಯ ಆ ಹೆಸರಿನಲ್ಲಿಯೇ ಅಡಗಿತ್ತು. ಉಪೇಂದ್ರಕಿಶೋರರ ತರುವಾಯ ಅವರ ಮಗ ಸುಕುಮಾರ ರಾಯ್ ಪತ್ರಿಕೆಯ ಹೊಣೆ ಹೊತ್ತರು. ವಿನೋದ ಕವಿತೆಗಳಿಗೆ ಹೆಸರಾದ ಸುಕುಮಾರರು 1923ರಲ್ಲಿ ಕಾಲಾಜ್ವರಕ್ಕೆ ತುತ್ತಾಗಿ ತೀರಿಕೊಂಡಾಗ ಸತ್ಯಜಿತ್ ಎರಡು ವರ್ಷದ ಕೂಸು. ಕೆಲವೇ ವರ್ಷಗಳಲ್ಲಿ ಮುದ್ರಣಾಲಯ ಕೈತಪ್ಪಿತು, ಪತ್ರಿಕೆಯೂ ನಿಂತುಹೋಯಿತು. ತಾಯಿ ಸುಪ್ರಭಾ ಮಗನೊಡನೆ ತಮ್ಮ ಸೋದರನ ಆಶ್ರಯಕ್ಕೆ ಬಂದು, ಶಿಕ್ಷಕಿಯಾಗಿ ದುಡಿದು ಅವನನ್ನು ಬೆಳೆಸಿದರು.

ತಂದೆಯನ್ನು ಸರಿಯಾಗಿ ಕಂಡರಿಯದ ಆ ಬಾಲಕನಿಗೆ ಉಳಿದದ್ದು ತಂದೆ ಮತ್ತು ತಾತ ಬರೆದಿಟ್ಟ ಪುಸ್ತಕಗಳು. ಅವುಗಳ ಜೊತೆಗೆ ಶೆರ್ಲಾಕ್ ಹೋಮ್ಸನ ಸಾಹಸಕಥೆಗಳೂ ಅವನ ಮನಸ್ಸನ್ನು ಸೆರೆಹಿಡಿದವು. ಸತ್ಯಜಿತ್ ಬೆಳೆದು ದೊಡ್ಡವರಾಗಿ, 1943ರಲ್ಲಿ ಜಾಹೀರಾತು ಸಂಸ್ಥೆಯೊಂದರಲ್ಲಿ ಚಿತ್ರಕಾರರಾಗಿ ಸೇರಿದರು. ಪುಸ್ತಕಗಳಿಗೆ ಮುಖಪುಟಗಳನ್ನು ರಚಿಸಿದರು. ಆ ಬಳಿಕ ಚಲನಚಿತ್ರ ರಂಗವನ್ನು ಪ್ರವೇಶಿಸಿದರು. ನಿರ್ದೇಶಕರಾಗಿ ಹೆಸರು ಗಳಿಸಿದ ಮೇಲೆ, 1961ರಲ್ಲಿ, ಕವಿ ಸುಭಾಷ್ ಮುಖೋಪಾಧ್ಯಾಯರೊಡನೆ ‘ಸಂದೇಶ್’ ಪತ್ರಿಕೆಯನ್ನು ಪುನಃ ಆರಂಭಿಸಿದರು. ಪತ್ರಿಕೆ ನಡೆಯಬೇಕಾದರೆ ಕಥೆಗಳು ಬೇಕು. ಆಗ ಸಂಪಾದಕರೇ ಲೇಖನಿ ಹಿಡಿದರು. ತಮಗೆ ನಲವತ್ತು ವರ್ಷವಾಗುವ ವೇಳೆಗೆ ಆರಂಭವಾದ ಈ ಬರವಣಿಗೆಯನ್ನು ಅವರು ಕೊನೆಯವರೆಗೂ ಬಿಡಲಿಲ್ಲ. ಮೊದಲಿಗೆ ಪ್ರೊಫೆಸರ್ ಶೊಂಕು ಎಂಬ ವಿಚಿತ್ರ ವಿಜ್ಞಾನಿಯ ದಿನಚರಿಗಳು ಬಂದವು. 1965ರಲ್ಲಿ ಫೆಲೂದಾ ಕಾಣಿಸಿಕೊಂಡನು.

ಫೆಲೂದಾನ ಪೂರ್ಣ ಹೆಸರು ಪ್ರದೋಷಚಂದ್ರ ಮಿತ್ರ. ‘ದಾ’ ಎಂದರೆ ಬಂಗಾಳಿಯಲ್ಲಿ ಅಣ್ಣ. ಹೀಗೆ ಕರೆಯುವವನು ಕಥೆಗಳ ನಿರೂಪಕನಾದ ಅವನ ಚಿಕ್ಕಪ್ಪನ ಮಗ ತೊಪ್ಶೆ. ಮೊದಲ ಕಥೆಯಲ್ಲಿ ಫೆಲೂದಾನಿಗೆ ಇಪ್ಪತ್ತೇಳು ವರ್ಷ. ತೊಪ್ಶೆ ಇನ್ನೂ ಶಾಲಾ ಬಾಲಕ. ಒಂಬತ್ತನೆಯ ವಯಸ್ಸಿನಲ್ಲಿಯೇ ತಂದೆಯನ್ನು ಕಳೆದುಕೊಂಡ ಫೆಲೂದಾ ತೊಪ್ಶೆಯ ಮನೆಯಲ್ಲಿಯೇ ಬೆಳೆದವನು. ಅವನ ಬಳಿ ಒಂದು ರಿವಾಲ್ವರ್ ಇದೆ. ಆದರೆ ಅವನು ಹೆಚ್ಚಾಗಿ ಪ್ರಯೋಗಿಸುವುದು ತನ್ನ ‘ಮಗಜಾಸ್ತ್ರ’ವನ್ನು, ಎಂದರೆ ಮಿದುಳೆಂಬ ಆಯುಧವನ್ನು.

ಮಕ್ಕಳಿಗಾಗಿ ಪತ್ತೇದಾರಿ ಕಥೆ ಬರೆಯುವುದು ಸುಲಭವೆಂದು ತೋರಬಹುದು. ವಾಸ್ತವವಾಗಿ ಅದು ಕಠಿಣವಾದ ಕಾರ್ಯ. ಹಿರಿಯರಿಗಾಗಿ ಬರೆಯುವವನು ಯಾವ ಬಗೆಯ ಅಪರಾಧವನ್ನಾದರೂ ಆರಿಸಿಕೊಳ್ಳಬಹುದು. ಎಳೆಯರಿಗಾಗಿ ಬರೆಯುವವನಿಗೆ ಆ ಸ್ವಾತಂತ್ರ್ಯವಿಲ್ಲ. ಅನೈತಿಕ ಪ್ರಣಯ, ಅತಿಯಾದ ಹಿಂಸೆ ಮೊದಲಾದವನ್ನು ದೂರವಿರಿಸಿ, ರಹಸ್ಯವನ್ನು ಮಾತ್ರ ಬಿಗಿಯಾಗಿ ಹೆಣೆಯಬೇಕು. ಈ ಕಷ್ಟವನ್ನು ರಾಯ್ ಅವರೇ ಒಂದೆಡೆ ಹೇಳಿಕೊಂಡಿದ್ದಾರೆ. ಆದರೆ ಈ ನಿರ್ಬಂಧವೇ ಅವರ ಕಲೆಗೆ ಸಾಣೆಯಾಯಿತು. ಮೊದಲ ಫೆಲೂದಾ ಕಥೆಯನ್ನೇ ನೋಡಬಹುದು. ದಾರ್ಜಿಲಿಂಗಿನಲ್ಲಿ ವಾಸವಾಗಿರುವ ಗೌರವಸ್ಥ ವೃದ್ಧರೊಬ್ಬರಿಗೆ ಬೆದರಿಕೆಯ ಪತ್ರವೊಂದು ಬರುತ್ತದೆ. ಅದರ ಮೂಲವನ್ನು ಹುಡುಕುತ್ತ ಹೋದರೆ, ಬಾಲ್ಯದಲ್ಲಿ ಶಾಲೆಯ ಓಟದ ಪಂದ್ಯವೊಂದರಲ್ಲಿ ನಡೆದ ಮೋಸ ಬಯಲಿಗೆ ಬರುತ್ತದೆ. ಕಥೆಯಲ್ಲಿ ಕೊಲೆಯಿಲ್ಲ. ಆದರೂ ಮರೆತುಹೋದ ಒಂದು ಅನ್ಯಾಯ ಹಲವು ದಶಕಗಳ ಬಳಿಕವೂ ಒಬ್ಬರ ಎದೆಯಲ್ಲಿ ಮುಳ್ಳಾಗಿ ಉಳಿದಿರಬಲ್ಲುದು ಎಂಬ ಅರಿವು ಓದುಗನನ್ನು ಬೆಚ್ಚಿಬೀಳಿಸುತ್ತದೆ.

ಫೆಲೂದಾನ ಕೀರ್ತಿ ಮಕ್ಕಳ ಪತ್ರಿಕೆಯ ಎಲ್ಲೆಯನ್ನು ಬಹುಬೇಗ ದಾಟಿತು. 1970ರ ದಶಕದಲ್ಲಿ ಹಿರಿಯರ ಪ್ರತಿಷ್ಠಿತ ಪತ್ರಿಕೆಯಾದ ‘ದೇಶ್’ ತನ್ನ ದುರ್ಗಾಪೂಜಾ ವಿಶೇಷ ಸಂಚಿಕೆಗಳಲ್ಲಿ ಫೆಲೂದಾನ ಕಾದಂಬರಿಗಳನ್ನು ಪ್ರಕಟಿಸತೊಡಗಿತು. ಓದುಗರು ಬದಲಾದರೂ ರಾಯ್ ತಮ್ಮ ನಿಯಮವನ್ನು ಬದಲಿಸಲಿಲ್ಲ. 1971ರಲ್ಲಿ ಬಂದ ‘ಸೋನಾರ್ ಕೆಲ್ಲಾ’ ಇದಕ್ಕೆ ನಿದರ್ಶನ. ಪೂರ್ವಜನ್ಮದ ನೆನಪಿದೆಯೆನ್ನುವ ಪುಟ್ಟ ಬಾಲಕನೊಬ್ಬ ಬಂಗಾರದ ಕೋಟೆಯೊಂದರ ಮಾತನಾಡುತ್ತಾನೆ. ಅಲ್ಲಿ ನಿಧಿಯಿರಬೇಕೆಂದು ಊಹಿಸಿದ ದುಷ್ಟರು ಅವನ ಬೆನ್ನು ಹತ್ತುತ್ತಾರೆ. ಅನ್ವೇಷಣೆ ರಾಜಸ್ಥಾನದ ಜೈಸಲ್ಮೇರಿನಲ್ಲಿ ಮುಗಿಯುತ್ತದೆ. ಹಳದಿ ಮರಳುಗಲ್ಲಿನಿಂದ ಕಟ್ಟಿದ ಅಲ್ಲಿಯ ಕೋಟೆ ಬಿಸಿಲಿನಲ್ಲಿ ಹೊನ್ನಿನಂತೆ ಹೊಳೆಯುತ್ತದೆ. ರಾಯ್ ಅವರೇ 1974ರಲ್ಲಿ ಇದನ್ನು ಚಲನಚಿತ್ರವನ್ನಾಗಿ ಮಾಡಿದರು. ಆ ಮೇಲೆ ಬಂಗಾಳದ ಅಸಂಖ್ಯಾತ ಪ್ರವಾಸಿಗಳು ಆ ಕೋಟೆಯನ್ನು ಅರಸಿಕೊಂಡು ಹೋದರು.

ಇದೇ ಕಾದಂಬರಿಯಲ್ಲಿ ಜಟಾಯು ಎಂಬ ಪಾತ್ರವೂ ಪ್ರವೇಶಿಸುತ್ತದೆ. ಜಟಾಯು ಎಂಬುದು ಲಾಲಮೋಹನ ಗಾಂಗುಲಿ ಎಂಬವರ ಕಾವ್ಯನಾಮ. ಅವರೂ ರೋಮಾಂಚಕ ಕಾದಂಬರಿಗಳ ಲೇಖಕರೇ. ಪುಸ್ತಕಗಳು ಚೆನ್ನಾಗಿ ಮಾರಾಟವಾಗುತ್ತವೆ. ಆದರೆ ಅವುಗಳಲ್ಲಿ ತಪ್ಪುಗಳಿಗೆ ಕೊರತೆಯಿಲ್ಲ. ಮರುಭೂಮಿಯ ಒಂಟೆ ನೀರನ್ನು ಒಡಲಲ್ಲಿ ಕೂಡಿಡುತ್ತದೆಂಬ ಅವರ ನಂಬಿಕೆಯನ್ನು ಫೆಲೂದಾ ತಿದ್ದುತ್ತಾನೆ. ಡುಬ್ಬದಲ್ಲಿರುವುದು ನೀರಲ್ಲ, ಕೊಬ್ಬು ಎಂದು ವಿವರಿಸುತ್ತಾನೆ. ಸರಳ ಹೃದಯದ ಜಟಾಯು ನಗೆಯುಕ್ಕಿಸುವ ಪಾತ್ರವಾದರೂ, ಅವರ ಮೂಲಕ ರಾಯ್ ತಮ್ಮ ಕಸುಬಿನ ಧರ್ಮವೊಂದನ್ನು ಸೂಚಿಸಿದ್ದಾರೆ. ಕಥೆ ಕಲ್ಪಿತವಾಗಿರಬಹುದು, ಅದರೊಳಗಿನ ಊರು, ಇತಿಹಾಸ, ವಿಜ್ಞಾನಗಳು ಸತ್ಯವಾಗಿರಬೇಕು. ಓದುಗ ಹದಿಮೂರು ವರ್ಷದವನೆಂದು ಲೇಖಕ ಅಸಡ್ಡೆ ಮಾಡಲಾಗದು.

ಈ ಧರ್ಮದ ಹಿಂದೆ ಗಂಭೀರವಾದ ಕಾಳಜಿಯೂ ಇತ್ತು. 1973ರಲ್ಲಿ ಪ್ರಕಟವಾದ ‘ಕೈಲಾಸೇ ಕೇಲೆಂಕಾರಿ’ ಎಂಬ ಕಾದಂಬರಿಯ ವಸ್ತು ಪ್ರಾಚೀನ ಶಿಲ್ಪಗಳ ಕಳ್ಳಸಾಗಣೆ. ಭುವನೇಶ್ವರದ ರಾಜಾರಾಣಿ ದೇವಾಲಯದಿಂದ ಯಕ್ಷಿಯ ತಲೆಯೊಂದು ಕಳುವಾಗುತ್ತದೆ. ವಿದ್ವಾಂಸನಾದ ವೃದ್ಧನೊಬ್ಬನ ನೋವಿನ ಮಾತು ಫೆಲೂದಾನನ್ನು ಕಾರ್ಯಕ್ಕೆ ಹಚ್ಚುತ್ತದೆ. ಕಳ್ಳರ ಜಾಡು ಎಲ್ಲೋರದ ಕೈಲಾಸ ದೇವಾಲಯಕ್ಕೆ ಸಾಗುತ್ತದೆ. ಆ ಏಕಶಿಲಾ ದೇವಾಲಯವು ಎಂಟನೆಯ ಶತಮಾನದಲ್ಲಿ ರಾಷ್ಟ್ರಕೂಟ ದೊರೆ ಒಂದನೆಯ ಕೃಷ್ಣನ ಕಾಲದ್ದೆಂದು ಕನ್ನಡಿಗರೆಲ್ಲರೂ ಹೆಮ್ಮೆಯಿಂದ ನೆನೆಯುತ್ತಾರೆ. ಪುರಾತನ ವಸ್ತುಗಳು ಪರದೇಶಗಳಿಗೆ ಸಾಗಿಹೋಗುವುದನ್ನು ತಡೆಯಲು ಭಾರತದ ಸಂಸತ್ತು 1972ರಲ್ಲಿ ಕಾಯಿದೆಯೊಂದನ್ನು ರಚಿಸಿತ್ತು. ಕಾಯಿದೆ ಅಪರಾಧಿಯನ್ನು ಶಿಕ್ಷಿಸಬಲ್ಲುದು. ಆದರೆ ಮುರಿದ ಮೂರ್ತಿಗಾಗಿ ಮನಸ್ಸು ಮರುಗಬೇಕಾದರೆ ಆ ಮೂರ್ತಿ ತನ್ನದೆಂಬ ಭಾವನೆ ಬೇಕು. ಕಥೆಯನ್ನು ಓದುವ ಬಾಲಕನಲ್ಲಿ ಆ ಭಾವನೆ ಉಪದೇಶವಿಲ್ಲದೆಯೇ ಮೂಡುತ್ತದೆ.

1983ರಲ್ಲಿ ರಾಯ್ ಹೃದಯಾಘಾತಕ್ಕೆ ಒಳಗಾದರು. ಮರುವರ್ಷ ಅಮೆರಿಕದ ಹ್ಯೂಸ್ಟನ್ ನಗರದಲ್ಲಿ ಶಸ್ತ್ರಚಿಕಿತ್ಸೆ ನಡೆಯಿತು. ಕೆಲವು ವರ್ಷಗಳವರೆಗೆ ಚಿತ್ರನಿರ್ಮಾಣದ ಶ್ರಮವನ್ನು ವೈದ್ಯರು ನಿಷೇಧಿಸಿದರು. ಆಗಲೂ ಲೇಖನಿ ವಿರಮಿಸಲಿಲ್ಲ. ಕಥೆಗಳಿಗೆ ಬೇಕಾದ ಚಿತ್ರಗಳನ್ನೂ ಅವರೇ ಬರೆಯುತ್ತಿದ್ದರು. 1989ರ ಕಥೆಯೊಂದರಲ್ಲಿ ಫೆಲೂದಾ ಲಂಡನ್ನಿನ ಬೇಕರ್ ಬೀದಿಗೆ ಹೋಗಿ, ತನ್ನ ಗುರುವಾದ ಶೆರ್ಲಾಕ್ ಹೋಮ್ಸನಿಗೆ ನಮನ ಸಲ್ಲಿಸುತ್ತಾನೆ. ಬಾಲ್ಯದ ಓದಿನ ಋಣವನ್ನು ಲೇಖಕರು ತಮ್ಮ ಪಾತ್ರದ ಮೂಲಕ ತೀರಿಸಿದಂತಾಯಿತು. 1992ರ ಏಪ್ರಿಲ್ 23ರಂದು ರಾಯ್ ನಿಧನರಾದರು. ಅದೇ ವರ್ಷ ಅವರಿಗೆ ಭಾರತರತ್ನ ಪ್ರಶಸ್ತಿಯೂ ಆಸ್ಕರ್ ಗೌರವ ಪ್ರಶಸ್ತಿಯೂ ಸಂದಿದ್ದವು.

ಪೂರ್ಣಗೊಂಡ 35 ಫೆಲೂದಾ ಕಥೆಗಳನ್ನು ಅವರು ಬಿಟ್ಟುಹೋಗಿದ್ದಾರೆ. ಅವುಗಳನ್ನು ಹುಡುಗರಾಗಿದ್ದಾಗ ಓದಿದವರು ಹಿರಿಯರಾದ ಮೇಲೆ ತಮ್ಮ ಮಕ್ಕಳ ಕೈಗೆ ನಿಸ್ಸಂಕೋಚವಾಗಿ ಕೊಡುತ್ತಾರೆ. ಕೊಡುವ ಮುನ್ನ ತಾವೇ ಮತ್ತೊಮ್ಮೆ ಓದುವುದೂ ಉಂಟು.